ಥರ್ಮಂಡ್: ಸಿನ್ಸಿನಾಟಿಯನ್ನು ಮೀರಿಸಿದ ರೈಲು ಊರಲ್ಲಿ ಐದೇ ಜನ ಉಳಿದದ್ದು ಯಾಕೆ?

ಮೀಟರ್‌ಗೇಜ್

ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ನ್ಯೂ ರಿವರ್ ಅನ್ನುವ ಹೊಳೆಯ ಆಳ ಕಣಿವೆಯಲ್ಲಿ ಥರ್ಮಂಡ್ ಅಂತ ಒಂದು ಊರಿದೆ. ಚೆಸಪೀಕ್ ಅಂಡ್ ಒಹಾಯೊ ರೈಲ್ವೆ (ಮುಂದೆ ಸಿ ಅಂಡ್ ಓ ಅನ್ನೋಣ) 1873ರ ಜನವರಿಯಲ್ಲಿ ಈ ಕಣಿವೆಯ ಹಳಿಯನ್ನು ಮುಗಿಸಿತು. ಅದೇ ವರ್ಷ ಕ್ಯಾಪ್ಟನ್ ಡಬ್ಲ್ಯೂ. ಡಿ. ಥರ್ಮಂಡ್ ಅನ್ನುವವರಿಗೆ ಒಂದು ಭೂಮಾಪನ ಕೆಲಸದ ಸಂಬಳವಾಗಿ ಇಲ್ಲಿ 73 ಎಕರೆ ಸಿಕ್ಕಿತು. 1910ರಲ್ಲಿ ಈ ನಿಲ್ದಾಣದ ಸರಕು ಆದಾಯ ಸುಮಾರು 48 ಲಕ್ಷ ಡಾಲರ್, ಅಂದರೆ ಸಿನ್ಸಿನಾಟಿ ಮತ್ತು ರಿಚ್ಮಂಡ್ ಅನ್ನುವ ದೊಡ್ಡ ನಗರಗಳ ನಿಲ್ದಾಣ ಎರಡೂ ಸೇರಿದರೂ ಅಷ್ಟಾಗುತ್ತಿರಲಿಲ್ಲ. ದಿನಕ್ಕೆ 15 ಪ್ರಯಾಣಿಕರ ರೈಲು ಬರುತ್ತಿದ್ದವು. 1930ರ ಜನಗಣತಿಯಲ್ಲಿ 462 ಜನ, 2020ರಲ್ಲಿ 5.

ಎಲ್ಲ ಕಡೆ ಓದಲು ಸಿಗುವ ಕಾರಣ ಎರಡೇ: ಪಾನನಿಷೇಧ ಬಂತು, ಹೊಳೆಯಾಚೆಯ ಡನ್ ಗ್ಲೆನ್ ಹೋಟೆಲು 1930ರಲ್ಲಿ ಸುಟ್ಟುಹೋಯಿತು. ನೂರು ಕೋಣೆಯ ಒಂದು ಹೋಟೆಲು ಸುಟ್ಟರೆ ರೈಲ್ವೆ ಊರು ಸಾಯುತ್ತದೆ ಅನ್ನುವುದನ್ನು ನಂಬುವುದು ಕಷ್ಟ. ಎಂಜಿನ್, ಗಣಿ ಎರಡೂ ಬಲ್ಲವರು ಇಲ್ಲಿದ್ದೀರಿ, ನಿಜವಾದ ಲೆಕ್ಕ ಹೇಳಿ.

ಕೈಮರ

ಹೋಟೆಲಿನ ಕಥೆಯನ್ನು ಪಕ್ಕಕ್ಕಿಟ್ಟು ಮೊದಲು ಲೋಕೋ ಶೆಡ್ಡಿಗೆ ಹೋಗೋಣ. ಥರ್ಮಂಡ್ ಮುಖ್ಯ ಮಾರ್ಗದ ಎಂಜಿನ್ ಬದಲಾಯಿಸುವ ಜಾಗವಲ್ಲ. ಅದಕ್ಕೆ ಪೂರ್ವದಲ್ಲಿ ಹಿಂಟನ್, ಪಶ್ಚಿಮದಲ್ಲಿ ಹ್ಯಾಂಡ್ಲಿ ಇದ್ದವು. ಥರ್ಮಂಡಿನ ಕೆಲಸ ಬೇರೆ. ಲೂಪ್ ಕ್ರೀಕ್ ಮುಂತಾದ ಕವಲು ಮಾರ್ಗಗಳ ಗಣಿಗಳಿಗೆ ಬೆಳಿಗ್ಗೆ ಖಾಲಿ ವ್ಯಾಗನ್ ಒಯ್ಯುವುದು, ಸಂಜೆ ತುಂಬಿದ್ದನ್ನು ತಂದು ಜೋಡಿಸುವುದು.

ಈ ಕವಲುಗಳಿಗೆ ಸಿ ಅಂಡ್ ಓ ಬಳಸಿದ್ದು 2-6-6-2 (ಮುಂದಿನಿಂದ ಹಿಂದಕ್ಕೆ ಚಕ್ರಗಳ ಎಣಿಕೆ) ಮ್ಯಾಲೆಟ್ ಎಂಜಿನ್. ಒಂದೇ ಬಾಯ್ಲರ್ ಕೆಳಗೆ ಎರಡು ಗುಂಪು ಚಕ್ರ, ಮುಂದಿನ ಗುಂಪು ತಿರುವಿನಲ್ಲಿ ಅತ್ತಿತ್ತ ಹೊರಳುತ್ತದೆ. ತೂಕ ಹೆಚ್ಚು ಅಚ್ಚುಗಳ ಮೇಲೆ ಹಂಚಿಹೋಗುವುದರಿಂದ ಹಗುರ ಹಳಿಯೂ ತಡೆಯುತ್ತದೆ. ವೇಗ ಕಡಿಮೆ, ಎಳೆತ ಜಾಸ್ತಿ. ಕಣಿವೆಯ ಏರಿಗೆ ಬೇಕಾದ್ದು ಅದೇ. ಟೆಂಡರಿನಲ್ಲಿ ಸುಮಾರು 16 ಟನ್ ಕಲ್ಲಿದ್ದಲು, 12,000 ಗ್ಯಾಲನ್ ನೀರು.

ಒಂದು ಪಾಳಿ ಮುಗಿಸಿ ಬಂದ ಎಂಜಿನ್ನಿಗೆ ಆಗಬೇಕಾದ ಕೆಲಸ ನೋಡಿ. ಮೊದಲು ಬೂದಿ ಗುಂಡಿಯ ಮೇಲೆ ನಿಲ್ಲಿಸಿ ಬೆಂಕಿ ಶುಚಿ ಮಾಡಬೇಕು. ಒಳ್ಳೆ ಕೆಂಡವನ್ನು ಒಂದು ಬದಿಗೆ ಸರಿಸಿ, ಜಾಲರಿ ಅಲ್ಲಾಡಿಸಿ, ಕರಗಿ ಗಟ್ಟಿಯಾದ ಕಿಟ್ಟವನ್ನು ಒಡೆದು ಬೀಳಿಸಬೇಕು. ಬೂದಿಯಲ್ಲಿ ಕಬ್ಬಿಣದ ಅಂಶ ಜಾಸ್ತಿ ಇದ್ದರೆ ಅದು ಬೇಗ ಕರಗಿ ಜಾಲರಿಯ ಸಂದು ಮುಚ್ಚುತ್ತದೆ, ಗಾಳಿ ನುಗ್ಗುವುದಿಲ್ಲ, ಏರಿನ ನಡುವೆಯೇ ಆವಿಯ ಒತ್ತಡ ಇಳಿದುಹೋಗುತ್ತದೆ. ಆಮೇಲೆ ಕಲ್ಲಿದ್ದಲು, ನೀರು. ಆಮೇಲೆ ಮರಳು. ಮರಳನ್ನು ಒಲೆಯ ಮೇಲೆ ಒಣಗಿಸಿಯೇ ತುಂಬಬೇಕು, ಹಸಿ ಇದ್ದರೆ ಕೊಳವೆಯಲ್ಲಿ ಕಟ್ಟಿಕೊಂಡು ಚಕ್ರ ಜಾರುವ ಹೊತ್ತಿಗೆ ಒಂದು ಹರಳೂ ಉದುರುವುದಿಲ್ಲ. ಕೊನೆಗೆ ಕೀಲೆಣ್ಣೆ, ಬೇರಿಂಗ್ ತಪಾಸಣೆ, ಬ್ರೇಕ್ ಪರೀಕ್ಷೆ.

ತಿಂಗಳಿಗೆ ಒಮ್ಮೆಯಾದರೂ ಬಾಯ್ಲರ್ ತೊಳೆಯಬೇಕು ಅನ್ನುವುದು ಕೇಂದ್ರ ಸರಕಾರದ ನಿಯಮ. ನೀರು ಕೆಟ್ಟದಾದಷ್ಟೂ ಹೆಚ್ಚು ಸಲ ತೊಳೆಯಬೇಕು. ಗಣಿಯಿಂದ ಹರಿದ ನೀರಿನಲ್ಲಿ ಆಮ್ಲ ಇರುತ್ತದೆ, ತಗಡು ತಿನ್ನುತ್ತದೆ. ಸೋಡಾ ಹಾಕಿ ಅದನ್ನು ಮುರಿದರೆ ನೀರು ನೊರೆ ಕಟ್ಟುತ್ತದೆ, ನೊರೆ ಆವಿಯ ಜೊತೆ ಸಿಲಿಂಡರಿಗೆ ಹೋಗುತ್ತದೆ. ನೀರನ್ನು ಅದುಮಲಾಗದು, ಸಿಲಿಂಡರಿನ ಮುಚ್ಚಳವೇ ಸಿಡಿಯುತ್ತದೆ. ಹಾಗಾಗಿ ಬಾಯ್ಲರ್ ಮೇಸ್ತ್ರಿ, ಫಿಟ್ಟರ್, ಕಮ್ಮಾರ, ಬೂದಿ ಎಳೆಯುವವರು, ಎಂಜಿನ್ ಒರೆಸುವವರು ಎಲ್ಲ ಸೇರಿ ನೂರಕ್ಕೂ ಹೆಚ್ಚು ಮಂದಿ ಈ ಸಣ್ಣ ಊರಲ್ಲಿ ಬೇಕಾದರು. 1922ರಲ್ಲಿ ಕಟ್ಟಿದ 500 ಟನ್ನಿನ ಕಾಂಕ್ರೀಟ್ ಕಲ್ಲಿದ್ದಲು ಗೋಪುರ ಇವತ್ತಿಗೂ ನಿಂತಿದೆ.

ಡೀಸೆಲ್ ಬಂದಾಗ ಈ ಪಟ್ಟಿಯಲ್ಲಿ ಉಳಿದದ್ದು ಮರಳು, ತಪಾಸಣೆ ಎರಡೇ. ನಾಲ್ಕು ಡೀಸೆಲ್ ಎಂಜಿನ್ ಜೋಡಿಸಿದರೂ ಒಂದೇ ಕ್ಯಾಬಿನ್ನಿಂದ ಓಡಿಸಬಹುದು. ಸಿ ಅಂಡ್ ಓ 1956ಕ್ಕೆ ಆವಿಯನ್ನು ಮುಗಿಸಿತು. ಊರನ್ನು ಕೊಂದದ್ದು ಡೀಸೆಲ್.

ಇದ್ದಿಲುಬುಟ್ಟಿ

ಕೈಮರ ಸರ್, ಶೆಡ್ಡಿನ ವಿವರ ಸೊಗಸಾಗಿದೆ, ತೀರ್ಪು ಒಪ್ಪಲಾರೆ. ಇಸವಿಗಳನ್ನು ಸಾಲಾಗಿ ಇಟ್ಟು ನೋಡಿ. ಥರ್ಮಂಡಿಗೆ ಮೋಟಾರು ರಸ್ತೆ ಬಂದದ್ದು 1921. ಒಂದು ಬ್ಯಾಂಕು ಬಾಗಿಲು ಹಾಕಿದ್ದು 1931. ಇನ್ನೊಂದು 1935ರಲ್ಲಿ ಮೇಲಿನ ಬಯಲಿನ ಓಕ್ ಹಿಲ್ ಊರಿಗೆ ಹೋಯಿತು. ಆವಿ ಎಂಜಿನ್ ಆಗ ಭರ್ತಿ ಕೆಲಸದಲ್ಲಿತ್ತು. ಅಂದರೆ ಶೆಡ್ ಬದುಕಿದ್ದಾಗಲೇ ಪೇಟೆ ಸತ್ತಿತ್ತು.

ಯಾಕೆ ಅಂದರೆ, ಆ ಪೇಟೆ ನಿಂತಿದ್ದದ್ದೇ ರೈಲು ಬಿಟ್ಟರೆ ಬೇರೆ ದಾರಿಯಿಲ್ಲದ ಜನರ ಮೇಲೆ. ಊರಿಗೆ ಬೀದಿಯೇ ಇರಲಿಲ್ಲ. ಅಂಗಡಿ, ಬ್ಯಾಂಕು, ಹೋಟೆಲು ಎಲ್ಲದರ ಬಾಗಿಲೂ ನೇರ ಹಳಿಗೆ. ಸುತ್ತಲ ಗಣಿಗಳವರು ಸಾಮಾನು ಕೊಳ್ಳಲು, ಹಲ್ಲು ಕೀಳಿಸಲು, ವಕೀಲರನ್ನು ಕಾಣಲು, ಇಸ್ಪೀಟು ಆಡಲು ರೈಲು ಹತ್ತಿ ಇಲ್ಲಿಗೇ ಬರಬೇಕಿತ್ತು. ಫೋರ್ಡ್ ಕಾರು ಬಂದ ಮೇಲೆ ಅವರೆಲ್ಲ ಮೇಲಕ್ಕೆ, ಬಯಲಿನ ಊರುಗಳಿಗೆ ಹೊರಟರು. ಕಣಿವೆಯ ತಳದಲ್ಲಿ ಇನ್ನೊಂದು ಸಾಲು ಮನೆ ಕಟ್ಟಲೂ ಸಮತಟ್ಟು ಜಾಗ ಇಲ್ಲ.

ಪಾನನಿಷೇಧದ ಮಾತು ಇನ್ನೂ ತಮಾಷೆ. ಕ್ಯಾಪ್ಟನ್ ಥರ್ಮಂಡ್ ಕಟ್ಟಾ ಬ್ಯಾಪ್ಟಿಸ್ಟ್, ತನ್ನ ಜಾಗದಲ್ಲಿ ಹೆಂಡಕ್ಕೆ ಮೊದಲಿನಿಂದಲೂ ಅವಕಾಶ ಕೊಟ್ಟವರಲ್ಲ. ಕುಡಿತ, ಜೂಜು ಎಲ್ಲ ಹೊಳೆಯಾಚೆ ಮ್ಯಾಕೆಲ್ ಕುಟುಂಬದ ಜಾಗದಲ್ಲಿ, ಡನ್ ಗ್ಲೆನ್ ಹೋಟೆಲಿನಲ್ಲಿ. ರಾಜ್ಯದ ಪಾನನಿಷೇಧ ಬಂದದ್ದು 1914ರಲ್ಲಿ, ಹೋಟೆಲು ಆಮೇಲೆ 16 ವರ್ಷ ನಡೆಯಿತು.

ಮೀಟರ್‌ಗೇಜ್

ಹಾಗಾದರೆ ಆ 48 ಲಕ್ಷ ಡಾಲರ್ ಎಲ್ಲಿ ಹೋಯಿತು? ಅಷ್ಟು ಹಣ ಕಂಡ ಊರಿಗೆ ಒಂದು ಬೀದಿ ಹಾಕಲಾಗಲಿಲ್ಲವೇ?

ಕೈಮರ

ಅದು ಊರಿನ ಹಣವೇ ಅಲ್ಲ. ಸರಕು ಸಾಗಣೆ ದರವನ್ನು ರೈಲ್ವೆ ಸರಕು ಹೊರಟ ನಿಲ್ದಾಣದ ಪುಸ್ತಕಕ್ಕೆ ಬರೆದುಕೊಳ್ಳುತ್ತದೆ. ಕವಲು ಮಾರ್ಗಗಳ ಗಣಿಗಳ ವ್ಯಾಗನ್ನುಗಳೆಲ್ಲ ಥರ್ಮಂಡಿನಲ್ಲಿ ಸೇರಿ ರೈಲಾಗುತ್ತಿದ್ದುದರಿಂದ ಅಲ್ಲಿನ ಲೆಕ್ಕ ಉಬ್ಬಿತು. ಹಣ ಕಂಪನಿಯ ಪೆಟ್ಟಿಗೆಗೆ, ಗಣಿಯ ಲಾಭ ಗಣಿ ಮಾಲೀಕರಿಗೆ. ಊರಿಗೆ ದಕ್ಕಿದ್ದು ಸಂಬಳ ಮತ್ತು ಅಂಗಡಿ ವ್ಯಾಪಾರ ಮಾತ್ರ.

ಇದ್ದಿಲುಬುಟ್ಟಿಯವರ ಇಸವಿಗಳ ವಾದ ಸರಿಯಾಗಿದೆ. ಪೇಟೆಯನ್ನು ರಸ್ತೆ ಕೊಂದಿತು, ಶೆಡ್ಡನ್ನು ಡೀಸೆಲ್ ಕೊಂದಿತು ಅಂತ ತಿದ್ದಿಕೊಳ್ಳೋಣ. ಗಣಿಯ ಪಾಲು ಇನ್ನೂ ಬಾಕಿ ಇದೆ.

ಕಪ್ಪುವಜ್ರ

ಗಣಿಯ ಪಾಲು ನನಗಿರಲಿ. ನ್ಯೂ ರಿವರ್ ಕಣಿವೆಯಲ್ಲಿ ತೆಗೆದದ್ದು ಮುಖ್ಯವಾಗಿ ಸೂವೆಲ್ ಪದರ. ದಪ್ಪ ಸಾಮಾನ್ಯವಾಗಿ ಮೂರು-ನಾಲ್ಕು ಅಡಿ. ಹೊಗೆ ಕಡಿಮೆ, ಬೂದಿ ಕಡಿಮೆ, ಶಾಖ ಹೆಚ್ಚು, ಆದ್ದರಿಂದ ಹಡಗುಗಳಿಗೂ ಉಕ್ಕಿನ ಕುಲುಮೆಗಳಿಗೂ ಅಚ್ಚುಮೆಚ್ಚು. ಒಂದೇ ದೋಷ, ಬಹಳ ಬೇಗ ಪುಡಿಯಾಗುತ್ತದೆ. ಈ ದೋಷವನ್ನು ನೆನಪಿಡಿ, ಮುಂದೆ ಬರುತ್ತದೆ.

ಕೈಗಾಡಿ ತುಂಬುವ ಕಾಲದ ಒಂದು ಪಾಳಿ ಹೀಗೆ. ಕೋಣೆ-ಕಂಬ ಪದ್ಧತಿ: ನಡುವೆ ಕಲ್ಲಿದ್ದಲಿನದೇ ದಪ್ಪ ಕಂಬಗಳನ್ನು ಬಿಟ್ಟು ಕೋಣೆ ಕೊರೆಯುತ್ತಾ ಹೋಗುವುದು. ಒಂದು ಕೋಣೆಗೆ ಒಬ್ಬ ಇಲ್ಲವೇ ಇಬ್ಬರು. ಮೂರಡಿ ಎತ್ತರದಲ್ಲಿ ಮಂಡಿಯೂರಿ, ಇಲ್ಲವೇ ಪಕ್ಕೆಯ ಮೇಲೆ ಮಲಗಿ, ಪದರದ ಬುಡವನ್ನು ಪಿಕಾಸಿಯಿಂದ ನಾಲ್ಕೈದು ಅಡಿ ಆಳಕ್ಕೆ ಸೀಳಬೇಕು. ಇದಕ್ಕೇ ಅರ್ಧ ದಿನ ಹೋಗುತ್ತಿತ್ತು, ಮುಂದೆ ಕೊರೆಯುವ ಯಂತ್ರ ಬಂದು ಈ ಕಷ್ಟ ತಪ್ಪಿತು. ಆಮೇಲೆ ಎದೆಗೆ ಒತ್ತಿ ಹಿಡಿಯುವ ಬೈರಿಗೆಯಿಂದ ಮೇಲ್ಭಾಗದಲ್ಲಿ ತೂತು, ಅದರೊಳಗೆ ಕಾಗದದಲ್ಲಿ ಸುತ್ತಿದ ಕರಿಮದ್ದು. ತೂತಿನ ಬಾಯಿಗೆ ಒದ್ದೆ ಜೇಡಿಮಣ್ಣು ಗಿಡಿಯಬೇಕು. ಸೋಮಾರಿತನಕ್ಕೆ ಕೈಗೆ ಸಿಕ್ಕ ಕಲ್ಲಿದ್ದಲ ಪುಡಿಯನ್ನೇ ಗಿಡಿದರೆ ಮದ್ದು ಕಲ್ಲಿದ್ದಲನ್ನು ಒಡೆಯುವ ಬದಲು ಬಂದೂಕಿನ ಹಾಗೆ ಬಾಯಿಂದಲೇ ಹಾರುತ್ತದೆ, ಜ್ವಾಲೆ ಕೋಣೆಗೆ ಚಾಚುತ್ತದೆ. ದೊಡ್ಡ ಸ್ಫೋಟಗಳಿಗೆ ಇದೊಂದು ಮಾಮೂಲು ಕಾರಣ.

ಬುಡ ಸೀಳದೆ ಬರೀ ಮದ್ದಿನಿಂದ ಉರುಳಿಸಿದರೂ ಕಲ್ಲಿದ್ದಲು ಬೀಳುತ್ತದೆ, ಆದರೆ ಪುಡಿ ಜಾಸ್ತಿ, ಚಾವಣಿಯೂ ಬಿರಿಯುತ್ತದೆ. ಚಾವಣಿಗೆ ಮರದ ಆಧಾರ ಕೊಟ್ಟು, ನೆತ್ತಿಯ ಮೇಲೆ ಅಗಲ ಹಲಗೆ ತುಂಡಿಟ್ಟು ಬೆಣೆ ಬಡಿಯಬೇಕು. ಪಿಕಾಸಿಯ ಹಿಡಿಯಿಂದ ಚಾವಣಿ ಬಡಿದಾಗ ಗಣಗಣ ಅಂದರೆ ಗಟ್ಟಿ, ಬೊದ್ದು ಸದ್ದು ಬಂದರೆ ಪದರ ಬಿಟ್ಟಿದೆ ಅಂತ. ಈ ಪರೀಕ್ಷೆಗೂ ಸಿಕ್ಕದ್ದು ಒಂದಿದೆ: ಕೋಟ್ಯಂತರ ವರ್ಷ ಹಿಂದಿನ ಮರದ ಬುಡ ಕಲ್ಲಾಗಿ ಚಾವಣಿಯಲ್ಲಿ ಕೂತಿರುತ್ತದೆ, ಸುತ್ತ ನುಣುಪಾದ ತೆಳು ಕಲ್ಲಿದ್ದಲ ಸಿಪ್ಪೆ. ಕೆಳಗೆ ಅಗಲ, ಮೇಲೆ ಕಿರಿದು. ಆಧಾರದ ಕಲ್ಲಿದ್ದಲು ತೆಗೆದ ಕ್ಷಣ ಸದ್ದಿಲ್ಲದೆ ಜಾರಿ ಬೀಳುತ್ತದೆ. ಸ್ಫೋಟಗಳು ಪತ್ರಿಕೆಯಲ್ಲಿ ಬಂದವು, ಆದರೆ ವರ್ಷದಿಂದ ವರ್ಷಕ್ಕೆ ಹೆಚ್ಚು ಜನ ಸತ್ತದ್ದು ಒಬ್ಬೊಬ್ಬರಾಗಿ, ಚಾವಣಿ ಕುಸಿದು.

ಕೂಲಿ ಟನ್ನಿನ ಮೇಲೆ. ತುಂಬಿದ ಗಾಡಿಗೆ ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ತಗುಲಿಸಿ ಹೊರಗೆ ಕಳಿಸಬೇಕು. ಹಳಿ ಹಾಕಿದ್ದು, ಆಧಾರ ನಿಲ್ಲಿಸಿದ್ದು, ಬಿದ್ದ ಕಲ್ಲು ಎತ್ತಿಹಾಕಿದ್ದು, ನೀರು ತೋಡಿದ್ದು ಯಾವುದಕ್ಕೂ ಕೂಲಿಯಿಲ್ಲ. ಗಾಡಿಯಲ್ಲಿ ಕಲ್ಲಿನ ಚೂರು ಕಂಡರೆ ಕಡಿತ. ತೂಗುವವನು ಕಂಪನಿಯವನು. ಹಾಗಾಗಿ ಗಣಿ ಕಾರ್ಮಿಕರ ಸಂಘದ ಬಹಳ ಹಳೆಯ ಬೇಡಿಕೆಗಳಲ್ಲಿ ಒಂದು, ತಕ್ಕಡಿಯ ಪಕ್ಕ ನಮ್ಮ ಕಡೆಯ ಒಬ್ಬ ತೂಕಗಾರ ನಿಲ್ಲಬೇಕು ಅನ್ನುವುದು.

ಕೂಲಿಗೂ ಸಾವಿಗೂ ನಡುವಿನ ಸಂಬಂಧ ನೋಡಿ. ಆಧಾರ ನಿಲ್ಲಿಸುವ ಕೆಲಸಕ್ಕೆ ದುಡ್ಡಿಲ್ಲ ಅಂದಮೇಲೆ ಇನ್ನೊಂದು ಗಾಡಿ ತುಂಬಿ ಆಮೇಲೆ ನಿಲ್ಲಿಸೋಣ ಅನ್ನುವುದು ಸಹಜ. ಎಷ್ಟೋ ಸಾವುಗಳನ್ನು ಕಾರ್ಮಿಕನ ಅಜಾಗರೂಕತೆ ಅಂತ ಬರೆದು ಮುಗಿಸಿದರು.

ಘಟಪ್ರಭಾ

ಕಪ್ಪುವಜ್ರ ಅವರ, ಒಂದು ಸಂಶಯ ಐತ್ರಿ. ದೊಡ್ಡ ದೊಡ್ಡ ಸ್ಫೋಟದ ತಾರೀಖು ನೋಡಿದ್ರ ಭಾಳ ಚಳಿಗಾಲದಾಗ ಬರ್ತಾವು. ಪೊಕಹಾಂಟಸ್ 1884 ಮಾರ್ಚ್, 114 ಮಂದಿ. ರೆಡ್ ಆಶ್ 1900 ಮಾರ್ಚ್, 46 ಮಂದಿ. ಮೊನೊಂಗಾ 1907 ಡಿಸೆಂಬರ್ 6, 360ಕ್ಕಿಂತ ಜಾಸ್ತಿ. ಲೇಲ್ಯಾಂಡ್ 1915 ಮಾರ್ಚ್. ಇದು ಹಂಗ ಸುಮ್ನ ಆಗಿದ್ದೋ, ಕಾರಣ ಐತೋ?

ಕಪ್ಪುವಜ್ರ

ಕಾರಣ ಇದೆ ಮೇಡಂ, ಚೆನ್ನಾಗಿ ಹಿಡಿದಿರಿ. ಚಳಿಗಾಲದ ಹೊರಗಿನ ಗಾಳಿಯಲ್ಲಿ ನೀರಿನ ಅಂಶ ತೀರಾ ಕಡಿಮೆ. ಫ್ಯಾನು ಅದನ್ನು ಒಳಗೆ ನೂಕುತ್ತದೆ, ಗಣಿಯ ಒಳಗಿನ ಬೆಚ್ಚಗೆಗೆ ಅದು ಕಾಯುತ್ತದೆ, ಕಾದ ಗಾಳಿ ಗೋಡೆ-ನೆಲದ ತೇವವನ್ನು ಹೀರಿಕೊಂಡು ಹೊರಗೆ ಹೋಗುತ್ತದೆ. ತಿಂಗಳುಗಟ್ಟಲೆ ಹೀಗಾದರೆ ನೆಲದ ಕಲ್ಲಿದ್ದಲ ಧೂಳು ಒಣಗಿ ಹಿಟ್ಟಾಗುತ್ತದೆ. ಬೇಸಗೆಯಲ್ಲಿ ಇದರ ವಿರುದ್ಧ, ಬಿಸಿ ಗಾಳಿ ಒಳಗೆ ತಣ್ಣಗಾಗಿ ಗೋಡೆಗಳು ಬೆವರುತ್ತವೆ.

ಮಿಥೇನ್ ಗಾಳಿಯಲ್ಲಿ ಶೇ. 5ರಿಂದ 15ರ ನಡುವೆ ಇದ್ದಾಗ ಸಿಡಿಯುತ್ತದೆ. ಬಾಗಿಲೊಂದನ್ನು ತೆರೆದಿಟ್ಟು ಮರೆತರೂ ಸಾಕು, ಗಾಳಿ ಅಡ್ಡದಾರಿ ಹಿಡಿದು ಕೊನೆಯ ಕೋಣೆಗಳಲ್ಲಿ ಅನಿಲ ನಿಲ್ಲುತ್ತದೆ. ಬರೀ ಅನಿಲ ಹೊತ್ತಿದರೆ ಒಂದು ಕೋಣೆಗೆ ಅಪಾಯ. ಆದರೆ ಅದರ ಧಕ್ಕೆಗೆ ಒಣ ಧೂಳು ಎದ್ದು, ಆ ಧೂಳಿಗೆ ಬೆಂಕಿ ಹತ್ತಿ, ಅದು ಮುಂದಿನ ಧೂಳನ್ನು ಎಬ್ಬಿಸುತ್ತಾ ಇಡೀ ಗಣಿ ಸುತ್ತುತ್ತದೆ. ಬದುಕಿ ಉಳಿದವರನ್ನು ಆಮೇಲೆ ಕಾರ್ಬನ್ ಮೊನಾಕ್ಸೈಡ್ ಕೊಲ್ಲುತ್ತದೆ.

ಪರಿಹಾರ ಸರಳ: ಸುಣ್ಣಕಲ್ಲಿನ ಪುಡಿಯನ್ನು ಎಲ್ಲ ಕಡೆ ಎರಚುವುದು. ಧಕ್ಕೆಗೆ ಎರಡೂ ಧೂಳು ಒಟ್ಟಿಗೆ ಏಳುತ್ತವೆ, ಸುಣ್ಣಕಲ್ಲು ಶಾಖ ಹೀರಿ ಜ್ವಾಲೆ ಆರಿಸುತ್ತದೆ. ಒಟ್ಟು ಧೂಳಿನಲ್ಲಿ ಉರಿಯದ ಭಾಗ ಕನಿಷ್ಠ ಶೇ. 65 ಇರಬೇಕು ಅನ್ನುವ ಲೆಕ್ಕ ಬಹಳ ಕಾಲ ನಡೆಯಿತು, 2010ರಲ್ಲಿ ಅದನ್ನು ಶೇ. 80ಕ್ಕೆ ಏರಿಸಿದರು. ಮೊನೊಂಗಾ ಆದ ಮೂರು ವರ್ಷಕ್ಕೆ, 1910ರಲ್ಲಿ, ಅಮೆರಿಕ ಸರಕಾರ ಗಣಿ ಬ್ಯೂರೋ ತೆರೆದದ್ದು ಇಂಥ ಸಂಶೋಧನೆಗೇ. ಶುರುವಿನಲ್ಲಿ ಅದಕ್ಕೆ ಗಣಿ ತಪಾಸಣೆ ಮಾಡುವ ಅಧಿಕಾರವೇ ಇರಲಿಲ್ಲ, ಸಲಹೆ ಕೊಡಬಹುದಿತ್ತು ಅಷ್ಟೆ.

ಇದ್ದಿಲುಬುಟ್ಟಿ

"ಬೇಗ ಪುಡಿಯಾಗುತ್ತದೆ" ಅಂದಿರಲ್ಲ, ಕಣಿವೆಯ ಎಂಜಿನಿಯರಿಂಗ್ ಪೂರ್ತಿ ಅದರ ಸುತ್ತಲೇ ಇದೆ. ಪದರ ಇರುವುದು ಬೆಟ್ಟದ ನಡು ಎತ್ತರದಲ್ಲಿ, ಹಳಿ ಇರುವುದು ಹೊಳೆಯ ಪಕ್ಕ. ಕೇಮೂರ್ ಗಣಿಯ ಬಾಯಿ ಹೊಳೆಯಿಂದ ಸುಮಾರು 560 ಅಡಿ ಮೇಲೆ. ಮೇಲಿಂದ ಸುರಿದರೆ ಕೆಳಗೆ ಸಿಗುವುದು ಹಿಟ್ಟು. ಗಟ್ಟಿ ಉಂಡೆಗೆ ಒಳ್ಳೆ ಬೆಲೆ, ಪುಡಿಗೆ ಕವಡೆ ಬೆಲೆ.

ಅದಕ್ಕೆ ಇಳಿಜಾರು ಹಳಿ. ತುಂಬಿದ ದೊಡ್ಡ ತೊಟ್ಟಿ ಕೆಳಗಿಳಿಯುವಾಗ ಅದೇ ಉಕ್ಕಿನ ಹಗ್ಗ ಮೇಲಿನ ಉರುಳೆಯ ಮೂಲಕ ಖಾಲಿ ತೊಟ್ಟಿಯನ್ನು ಮೇಲೆಳೆಯುತ್ತದೆ. ಎಂಜಿನ್ ಬೇಡ, ಬ್ರೇಕು ಸಾಕು. ಬ್ರೇಕ್ ಪಟ್ಟಿಗೆ ನೀರು ಅಥವಾ ಎಣ್ಣೆ ತಾಗಿದರೆ ಮಾತ್ರ ಕಥೆ ಮುಗಿಯಿತು.

ಹೊಳೆಯ ಇನ್ನೊಂದು ಬದಿಯ ನಟಲ್‌ಬರ್ಗ್ ಇದಕ್ಕಿಂತ ಸ್ವಾರಸ್ಯ. ಇಂಗ್ಲೆಂಡಿನಿಂದ ಬಂದ ಜಾನ್ ನಟಲ್ 1870ರಲ್ಲೇ, ಹಳಿ ಬರುವ ಮೊದಲೇ, ಜಾಗ ಕೊಂಡಿಟ್ಟಿದ್ದರು. 1920ರಲ್ಲಿ ಹೆನ್ರಿ ಫೋರ್ಡ್ ಅದನ್ನು ಗುತ್ತಿಗೆಗೆ ಹಿಡಿದು 1,385 ಅಡಿ ಉದ್ದದ ಸಾಗಣೆ ದೋಣಿ (ಕನ್ವೇಯರ್) ಹಾಕಿಸಿದರು. ಹಗ್ಗಕ್ಕೆ ಸಾಲಾಗಿ ತಟ್ಟೆಗಳು. ತಟ್ಟೆಗಳು ಕಲ್ಲಿದ್ದಲನ್ನು ಎಳೆಯುವುದಕ್ಕಿಂತ ಹೆಚ್ಚಾಗಿ ತಡೆದು ನಿಧಾನ ಇಳಿಸುತ್ತವೆ. ಇಷ್ಟೆಲ್ಲ ಮಾಡಿ 1928ಕ್ಕೆ ಬಿಟ್ಟುಹೋದರು. ಗಣಿ ಅವರ ಕೈಯಲ್ಲಿ, ಕಾರ್ಖಾನೆ ಅವರ ಕೈಯಲ್ಲಿ, ನಡುವಿನ ಹಳಿ ಮಾತ್ರ ಅವರದಲ್ಲ.

ಇಲ್ಲಿ ಮೀಟರ್‌ಗೇಜ್ ಅವರ ಪ್ರಶ್ನೆಗೆ ಮುಖ್ಯವಾದ ಒಂದು ವಿಷಯ: ಖಾಲಿ ವ್ಯಾಗನ್. ಗಣಿಯಲ್ಲಿ ದಾಸ್ತಾನು ಇಡಲು ಜಾಗವಿಲ್ಲ, ವ್ಯಾಗನ್ ಬಂದರೆ ಕೆಲಸ, ಇಲ್ಲದಿದ್ದರೆ ರಜೆ. ಯಾವ ಗಣಿಗೆ ಎಷ್ಟು ಅಂತ ಹಂಚುವುದು ರೈಲ್ವೆ. ನಾಳೆ ಕೆಲಸ ಇದೆಯೋ ಇಲ್ಲವೋ ಅಂತ ಸಂಜೆ ಗಣಿಯ ಸಿಳ್ಳೆ ಹೇಳುತ್ತಿತ್ತು. ಬೇಡಿಕೆ ಚೆನ್ನಾಗಿದ್ದ ವರ್ಷಗಳಲ್ಲೂ ವಾರಕ್ಕೆ ಮೂರ್ನಾಲ್ಕು ದಿನವಷ್ಟೇ ಕೆಲಸ ಸಿಕ್ಕ ಗಣಿಗಳಿದ್ದವು.

ಕೈಮರ

ವ್ಯಾಗನ್ ಇಟ್ಟು ತೆಗೆಯುವ ಕ್ರಮವನ್ನೂ ಸೇರಿಸುತ್ತೇನೆ. ಎಂಜಿನ್ ಖಾಲಿ ವ್ಯಾಗನ್ನುಗಳನ್ನು ಟಿಪ್ಪಲ್ಲಿನ, ಅಂದರೆ ಜರಡಿ ಹಿಡಿದು ತುಂಬುವ ಕಟ್ಟಡದ, ಮೇಲಿನ ಬದಿಗೆ ಒತ್ತಿ ಕೈಬ್ರೇಕು ಬಿಗಿದು ಹೋಗುತ್ತದೆ. ಆಮೇಲೆ ಎಂಜಿನ್ ಬೇಕಿಲ್ಲ. ಸೈಡಿಂಗ್ ಸ್ವಲ್ಪ ಇಳಿಜಾರು ಇರುವುದರಿಂದ ಒಬ್ಬ ಆಳು ಒಂದೊಂದೇ ವ್ಯಾಗನ್ನಿನ ಬ್ರೇಕು ಸಡಿಲಿಸಿ ಟಿಪ್ಪಲ್ಲಿನ ಕೆಳಗೆ ತೇಲಿಸಿ ತರುತ್ತಾನೆ. ಉಂಡೆಗೆ ಒಂದು ಹಳಿ, ಮೊಟ್ಟೆ ಗಾತ್ರಕ್ಕೆ ಒಂದು, ಕಾಯಿ ಗಾತ್ರಕ್ಕೆ ಒಂದು, ಪುಡಿಗೆ ಒಂದು. ತುಂಬಿದ್ದು ಕೆಳಗಿನ ಬದಿಗೆ ಜಾರಿ ನಿಲ್ಲುತ್ತದೆ. ಮಳೆ, ಹಿಮದ ದಿನ ಬ್ರೇಕಿನ ಕಟ್ಟೆ ಜಾರಿದರೆ ವ್ಯಾಗನ್ ನಿಲ್ಲುವುದಿಲ್ಲ. ಅದಕ್ಕೆ ತುದಿಯಲ್ಲಿ ಹಳಿ ತಪ್ಪಿಸುವ ಸಾಧನ ಇಟ್ಟಿರುತ್ತಾರೆ. ಮುಖ್ಯ ಮಾರ್ಗಕ್ಕೆ ನುಗ್ಗುವುದಕ್ಕಿಂತ ಅಲ್ಲೇ ಉರುಳಿದರೆ ವಾಸಿ.

ಘಟಪ್ರಭಾ

ಪುಡಿಗೆ ಬೆಲಿ ಇಲ್ಲ ಅಂದ್ರಿ. ಹಂಗಾದ್ರ ಕೋಕ್ ಗೂಡು ಯಾಕ ಅಷ್ಟೊಂದು ಕಟ್ಟಿದ್ರು?

ಕಪ್ಪುವಜ್ರ

ಅದೇ ಪುಡಿಗೆ ಬೆಲೆ ತರಲಿಕ್ಕೆ! ಕೋಕ್ ಅಂದರೆ ಕಲ್ಲಿದ್ದಲನ್ನು ಗೂಡಿನಲ್ಲಿ ಕಾಯಿಸಿ ಟಾರು, ಅನಿಲ ಕಳೆದ ಗಟ್ಟಿ ಇಂಧನ, ಕಬ್ಬಿಣದ ಕುಲುಮೆಗೆ ಬೇಕಾದದ್ದು. ಕೇಮೂರಿನಲ್ಲಿ ಒಂದು ಕಾಲಕ್ಕೆ ಇನ್ನೂರಷ್ಟು ಗೂಡು ಇದ್ದವು. ಗಣಿ ತೆರೆದದ್ದೇ ಲೋ ಮೂರ್ ಅನ್ನುವ ಕಬ್ಬಿಣದ ಕಂಪನಿ, 1899ರಲ್ಲಿ.

ಇಟ್ಟಿಗೆಯ ಗುಮ್ಮಟ, ಒಳಗೆ ಸುಮಾರು 12 ಅಡಿ ಅಗಲ, 7 ಅಡಿ ಎತ್ತರ. ನೆತ್ತಿಯ ತೂತಿನಿಂದ ನಾಲ್ಕೈದು ಟನ್ ಕಲ್ಲಿದ್ದಲು ಸುರಿದು, ಬಾಗಿಲಿನಿಂದ ಉದ್ದ ಸಲಾಕೆ ಹಾಕಿ ಮಟ್ಟ ಮಾಡಿ, ಬಾಗಿಲಿಗೆ ಇಟ್ಟಿಗೆ ಜೋಡಿಸಿ ಮಣ್ಣು ಮೆತ್ತಬೇಕು, ಮೇಲೆ ಗಾಳಿಗೆ ಒಂದೆರಡು ಅಂಗುಲ ಸಂದು. ಬೆಂಕಿ ಹಚ್ಚುವುದಿಲ್ಲ. ಹಿಂದಿನ ಸರದಿಯ ಶಾಖ ಇಟ್ಟಿಗೆಯಲ್ಲಿ ಉಳಿದಿರುತ್ತದೆ, ಅದಕ್ಕೇ ಅನಿಲ ಹೊತ್ತಿಕೊಂಡು ಗುಮ್ಮಟ ಕಾದು, ಆ ಶಾಖ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. 48 ಗಂಟೆಗೆ ಕುಲುಮೆಯ ಕೋಕ್, 72 ಗಂಟೆಗೆ ಎರಕದ ಕೋಕ್. ಭಾನುವಾರ ರಜೆ ಕೊಡಬೇಕಾದಾಗ 72 ಗಂಟೆಯದನ್ನು ಹಾಕುತ್ತಿದ್ದರು. ನೂರು ಟನ್ ಹಾಕಿದರೆ ಅರವತ್ತು ಚಿಲ್ಲರೆ ಟನ್ ಕೈಗೆ ಬರುತ್ತದೆ. ಗಾಳಿಯ ಸಂದು ದೊಡ್ಡದಾದರೆ ಕೋಕೇ ಉರಿದು ಬೂದಿ, ನೀರು ಚಿಮುಕಿಸುವಾಗ ಇಟ್ಟಿಗೆಗೆ ಬಿದ್ದರೆ ಗುಮ್ಮಟ ಬಿರುಕು, ಗೂಡು ತಣ್ಣಗಾಗಲು ಬಿಟ್ಟರೆ ಮತ್ತೆ ಕಾಯಿಸಲು ದಿನಗಟ್ಟಲೆ.

ಟಾರು, ಅನಿಲ ಎಲ್ಲ ಆಕಾಶಕ್ಕೆ. ಉಕ್ಕಿನ ಕಾರ್ಖಾನೆಗಳು ಅವನ್ನೂ ಹಿಡಿಯುವ ಕಿರಿದು-ಎತ್ತರದ ಗೂಡುಗಳನ್ನು ತಮ್ಮ ಅಂಗಳದಲ್ಲೇ ಕಟ್ಟಿಕೊಂಡ ಮೇಲೆ ಕಣಿವೆಯ ಗೂಡುಗಳು ಆರಿದವು. ಕಲ್ಲಿದ್ದಲಿಗೆ ಬೇಡಿಕೆ ಉಳಿಯಿತು, ಆದರೆ ಬೆರಕೆಗೆ ಮಾತ್ರ. ಈ ಜಾತಿಯ ಕಲ್ಲಿದ್ದಲು ಕಾಯುವಾಗ ಉಬ್ಬುತ್ತದೆ, ಒಂದನ್ನೇ ತುಂಬಿದರೆ ಗೂಡಿನ ಗೋಡೆಯನ್ನೇ ನೂಕಿಬಿಡುತ್ತದೆ.

ಮೀಟರ್‌ಗೇಜ್

ಗಣಿ ಕಂಪನಿಯದೇ ಅಂಗಡಿ, ಅಲ್ಲಿ ನಡೆಯುವ ಸ್ಕ್ರಿಪ್ ನಾಣ್ಯದ ಬಗ್ಗೆ ಯಾರಾದರೂ ಬರೆಯಿರಿ. ಸಂಬಳವನ್ನೇ ಆ ನಾಣ್ಯದಲ್ಲಿ ಕೊಡುತ್ತಿದ್ದರು ಅನ್ನುವುದು ನಿಜವೇ?

ಇದ್ದಿಲುಬುಟ್ಟಿ

ಸಾಮಾನ್ಯವಾಗಿ ಅದು ಸಂಬಳ ಅಲ್ಲ, ಮುಂಗಡ. ಸಂಬಳ ಎರಡು ವಾರಕ್ಕೋ ತಿಂಗಳಿಗೋ ಒಮ್ಮೆ. ನಡುವೆ ಕೈ ಖಾಲಿಯಾದರೆ ಕಚೇರಿಯಲ್ಲಿ ನಂಬರು ಹೇಳಬೇಕು, ಈಗಾಗಲೇ ದುಡಿದಿದ್ದಷ್ಟರ ಮೇಲೆ ಹಿತ್ತಾಳೆ ಬಿಲ್ಲೆ ಎಣಿಸಿ ಕೊಡುತ್ತಾರೆ. ಪ್ರತಿ ಕಂಪನಿಗೂ ಬೇರೆ ಆಕಾರದ ತೂತು, ಬೇರೆ ಅಕ್ಷರ. ಹೊರಗಿನ ಅಂಗಡಿಯವ ತೆಗೆದುಕೊಂಡರೂ ಮುಖಬೆಲೆಗೆ ತೆಗೆದುಕೊಳ್ಳುವುದಿಲ್ಲ. ಸಂಬಳದ ಚೀಟಿಯಲ್ಲಿ ಬಾಡಿಗೆ, ಡಾಕ್ಟರು, ಮದ್ದು, ದೀಪದ ಕಾರ್ಬೈಡು, ಪಿಕಾಸಿ ಹರಿತ ಮಾಡಿದ ಕಮ್ಮಾರ, ತೆಗೆದ ಸ್ಕ್ರಿಪ್ ಎಲ್ಲ ಕಳೆದು ಸೊನ್ನೆ ಬರುವುದು ಅಪರೂಪವಾಗಿರಲಿಲ್ಲ.

ಎಲ್ಲ ಗಣಿಯೂ ಒಂದೇ ಥರ ಇರಲಿಲ್ಲ. ಪಕ್ಕದಲ್ಲಿ ಥರ್ಮಂಡಿನಂಥ ಸ್ವತಂತ್ರ ಪೇಟೆ ಇದ್ದ ಕಡೆ ಕಂಪನಿ ಅಂಗಡಿಯ ಬೆಲೆಗೆ ಒಂದು ಲಗಾಮು ಇತ್ತು. ಒಂದೇ ಕವಲಿನ ತುದಿಯಲ್ಲಿ ಸಿಕ್ಕಿಕೊಂಡ ಊರುಗಳಿಗೆ ಅದೂ ಇಲ್ಲ.

ಮನೆಗಳದು ಇನ್ನೊಂದು. ಒಳಗೆ ಮರದ ಚೌಕಟ್ಟೇ ಇಲ್ಲ. ನಿಲುವು ಹಲಗೆಗಳನ್ನು ಕೆಳಗೆ-ಮೇಲೆ ಒಂದೊಂದು ತೊಲೆಗೆ ಮೊಳೆ ಹೊಡೆದು, ಸಂದಿಗೆ ಪಟ್ಟಿ ಬಡಿದರೆ ಗೋಡೆ ಆಯಿತು. ಪದರ ಮುಗಿಯುವವರೆಗೆ ನಿಂತರೆ ಸಾಕು ಅನ್ನುವ ಲೆಕ್ಕ. ಹಲಗೆ ಒಣಗಿ ಕುಗ್ಗಿದ ಮೇಲೆ ಗಾಳಿ ನುಗ್ಗದಿರಲಿ ಅಂತ ಒಳಗೆ ಹಳೆ ಪತ್ರಿಕೆ ಅಂಟಿಸುವುದು. ಕಪ್ಪು ಜನರಿಗೆ, ಯುರೋಪಿನಿಂದ ಬಂದವರಿಗೆ, ಸ್ಥಳೀಯ ಬಿಳಿಯರಿಗೆ ಬೇರೆ ಬೇರೆ ಸಾಲು. ಕಪ್ಪು ಜನರ ಇತಿಹಾಸಕ್ಕೆ ಪಾಂಡಿತ್ಯದ ತಳಹದಿ ಹಾಕಿದ ಕಾರ್ಟರ್ ವುಡ್ಸನ್ ಹುಡುಗನಾಗಿ ಕಲ್ಲಿದ್ದಲು ತೆಗೆದದ್ದು ಇದೇ ಫಯೆಟ್ ಕೌಂಟಿಯಲ್ಲಿ.

ಕಾನೂನಿನ ಲೆಕ್ಕದಲ್ಲಿ ಅಲ್ಲಿ ಇದ್ದವರು ಬಾಡಿಗೆದಾರರೂ ಅಲ್ಲ. ಮನೆ ಕೆಲಸದ ಜೊತೆ ಬಂದದ್ದು, ಕೆಲಸ ಹೋದರೆ ಮನೆಯೂ ಹೋಯಿತು. ಮುಷ್ಕರ ಅಂದ ಕೂಡಲೇ ಸಾಮಾನು ಬೀದಿಗೆ ಬರುತ್ತಿದ್ದದ್ದು ಇದರಿಂದ. 1920ರ ಮೇ 19ರಂದು ಮೇಟ್ವಾನ್ ಊರಲ್ಲಿ ಗುಂಡು ಹಾರಿ ಹತ್ತು ಜನ ಸತ್ತದ್ದು ಇಂಥ ತೆರವಿನ ದಿನವೇ.

ಕೈಮರ

ರೈಲ್ವೆ ಈ ಜಗಳದಲ್ಲಿ ನಡುವೆ ನಿಂತು ನೋಡುತ್ತಿರಲಿಲ್ಲ ಅನ್ನುವುದನ್ನೂ ಬರೆದಿಡಬೇಕು. 1912-13ರ ಪೇಂಟ್ ಕ್ರೀಕ್-ಕ್ಯಾಬಿನ್ ಕ್ರೀಕ್ ಮುಷ್ಕರದಲ್ಲಿ ಮನೆ ಕಳೆದುಕೊಂಡವರು ಹಾಲಿ ಗ್ರೋವ್‌ನಲ್ಲಿ ಡೇರೆ ಹಾಕಿದ್ದರು. 1913ರ ಫೆಬ್ರವರಿ 7ರ ರಾತ್ರಿ ಉಕ್ಕಿನ ತಗಡು ಹೊದಿಸಿ ಮಷಿನ್‌ಗನ್ ಇಟ್ಟ ರೈಲೊಂದು ಅಲ್ಲಿಂದ ಹಾದು ಡೇರೆಗಳ ಮೇಲೆ ಗುಂಡು ಹಾರಿಸಿತು. ಬೋಗಿಗೆ ತಗಡು ಹೊದಿಸಿದ್ದು ಹಂಟಿಂಗ್ಟನ್‌ನಲ್ಲಿದ್ದ ಸಿ ಅಂಡ್ ಓ ಕಾರ್ಯಾಗಾರದಲ್ಲಿ.

ಚಾಂಪಿಯನ್‌ರೀಫ್

ಓದುತ್ತಾ ಕೆಜಿಎಫ್ ಲೆಕ್ಕ ಹೋಲಿಸದೆ ಇರಲಾಗಲಿಲ್ಲ. ಅಲ್ಲೂ ಒಂದೇ ಕಂಪನಿಯ ಕೂಟ, ಜಾನ್ ಟೇಲರ್ ಅಂಡ್ ಸನ್ಸ್. ಅಲ್ಲೂ ಗಣಿಗೆಂದೇ ಹಾಕಿದ ಕವಲು, ಬೌರಿಂಗ್‌ಪೇಟೆಯಿಂದ (ಈಗಿನ ಬಂಗಾರಪೇಟೆ) ಮಾರಿಕುಪ್ಪಕ್ಕೆ, 1894ರಲ್ಲಿ. ಅಲ್ಲೂ ಕೂಲಿ ಲೈನುಗಳು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಊರು ಮಾತ್ರ ಖಾಲಿಯಾಗಲಿಲ್ಲ. ಹಳಿ ಉಳಿಯಿತು, ಅದೇ ಹಳಿಯಲ್ಲಿ ದಿನಾ ಬೆಳಿಗ್ಗೆ ಸಾವಿರಾರು ಜನ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಬರುತ್ತಾರೆ. ಥರ್ಮಂಡಿನಿಂದ ಹಾಗೆ ಹೋಗಲು ಪಕ್ಕದಲ್ಲಿ ಬೆಂಗಳೂರಿನಷ್ಟು ದೊಡ್ಡ ಊರು ಇರಲಿಲ್ಲ.

ಘಟಪ್ರಭಾ

ಕಲಬುರಗಿ ಕಡೆಯವ್ರಿಗೂ ಒಂದು ಕೊಂಡಿ ಐತಿ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು 1874ಕ್ಕ ಬಂತು. ಅದೇ ಹಳಿ ಮುಂದ ಡೋರ್ನಕಲ್ ದಾಟಿ ಬೆಜವಾಡಕ್ಕ (ಈಗಿನ ವಿಜಯವಾಡ) ಹೋದಾಗ ಸಿಂಗರೇಣಿ ಕಲ್ಲಿದ್ದಲಿಗಂತ ಯೆಲ್ಲಂದುಗೆ ಒಂದು ಕವಲು ಒಡದ್ರು. ಗಣಿ ಶುರು ಆಗಿದ್ದು 1889ರಾಗ. ಇವತ್ತು ನಮ್ಮ ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೂ ಸಿಂಗರೇಣಿ ಕಲ್ಲಿದ್ದಲು ಬರ್ತದ.

ಕಪ್ಪುವಜ್ರ

ಮೂಲ ಪ್ರಶ್ನೆಯ ಗಣಿ ಪಾಲು ಇನ್ನೂ ಮುಗಿದಿಲ್ಲ. 1948ರಲ್ಲಿ ಜಾಯ್ ಕಂಪನಿಯ ನಿರಂತರ ಕೊರೆಯುವ ಯಂತ್ರ ಬಂತು. ಬುಡ ಸೀಳುವುದು, ತೂತು, ಮದ್ದು, ಗಾಡಿ ತುಂಬುವುದು ಅನ್ನುವ ನಾಲ್ಕು ಕೆಲಸವನ್ನು ಒಂದೇ ಯಂತ್ರ ಮಾಡಿತು. 1950ರಲ್ಲಿ ಕಾರ್ಮಿಕ ಸಂಘದ ಜಾನ್ ಎಲ್. ಲೂಯಿಸ್ ಯಂತ್ರಗಳಿಗೆ ಒಪ್ಪಿದರು. ಪ್ರತಿಯಾಗಿ ಒಳ್ಳೆಯ ಕೂಲಿ, ಜೊತೆಗೆ ಆರೋಗ್ಯ-ಪಿಂಚಣಿ ನಿಧಿಗೆ ಟನ್ನಿಗೆ 30 ಸೆಂಟ್, 1952ರಿಂದ 40. ಕೆಲಸ ಉಳಿಸಿಕೊಂಡವರಿಗೆ ಒಳ್ಳೆಯ ಒಪ್ಪಂದ. ವೆಸ್ಟ್ ವರ್ಜೀನಿಯಾದಲ್ಲಿ ಒಂದೂಕಾಲು ಲಕ್ಷ ಇದ್ದ ಗಣಿ ಕಾರ್ಮಿಕರು 1960ರ ಹೊತ್ತಿಗೆ 50 ಸಾವಿರದ ಆಸುಪಾಸಿಗೆ ಇಳಿದರು.

ಇನ್ನೊಂದು ಏಟು ಕೈಮರ ಅವರ ಕಡೆಯಿಂದಲೇ ಬಂದದ್ದು. 1940ರ ದಶಕದ ಮಧ್ಯದಲ್ಲಿ ಅಮೆರಿಕದ ರೈಲ್ವೆಗಳೇ ವರ್ಷಕ್ಕೆ ಹತ್ತು ಕೋಟಿ ಟನ್ನಿಗೂ ಹೆಚ್ಚು ಕಲ್ಲಿದ್ದಲು ಉರಿಸುತ್ತಿದ್ದವು. ಹದಿನೈದು ವರ್ಷದಲ್ಲಿ ಆ ಗಿರಾಕಿ ಪೂರ್ತಿ ಕೈಬಿಟ್ಟ. ಮನೆಗಳ ಒಲೆಗೂ ಅನಿಲ, ಎಣ್ಣೆ ಬಂತು. ನಟಲ್‌ಬರ್ಗ್ 1958ರಲ್ಲಿ, ಕೇಮೂರ್ 1962ರಲ್ಲಿ ಮುಚ್ಚಿದವು. ಮೂರಡಿ ಪದರದಲ್ಲಿ ಹೊಸ ದೊಡ್ಡ ಯಂತ್ರ ಓಡಿಸುವುದೂ ಸುಲಭವಿರಲಿಲ್ಲ.

ಮೀಟರ್‌ಗೇಜ್

ಬಹಳ ಉಪಕಾರ ಆಯಿತು. ಕೊನೆಯ ಪ್ರಶ್ನೆ: ಈಗ ಹೋದರೆ ನೋಡಲು ಏನುಳಿದಿದೆ?

ಕೈಮರ

ಮುಖ್ಯ ಮಾರ್ಗದಲ್ಲಿ ಸರಕು ರೈಲು ಈಗಲೂ ಓಡುತ್ತದೆ. ಅಮೆರಿಕದ ಪ್ರಯಾಣಿಕರ ರೈಲು ಸಂಸ್ಥೆ ಆಮ್‌ಟ್ರಾಕ್‌ನ ಕಾರ್ಡಿನಲ್ ರೈಲು ವಾರಕ್ಕೆ ಮೂರು ದಿನ, ಕೇಳಿಕೊಂಡರೆ ಥರ್ಮಂಡಿನಲ್ಲಿ ನಿಲ್ಲುತ್ತದೆ. 1904ರ ನಿಲ್ದಾಣವನ್ನು ರಾಷ್ಟ್ರೀಯ ಉದ್ಯಾನ ಇಲಾಖೆ 1995ರಲ್ಲಿ ದುರಸ್ತಿ ಮಾಡಿತು. ಶೆಡ್ 1963ರಲ್ಲಿ ಸುಟ್ಟುಹೋಗಿದೆ. ಕಲ್ಲಿದ್ದಲು ಗೋಪುರ ನೋಡುವಾಗ ಕೆಳಗೆ ಚಾಚಿದ ಜಾರುಬಂಡಿಗಳನ್ನು ಗಮನಿಸಿ, ಅವು ಯಾವ ಯಾವ ಹಳಿಯ ನೆತ್ತಿಗೆ ಬರುತ್ತವೆ ಅನ್ನುವುದರಿಂದ ಒಂದೇ ಹೊತ್ತಿಗೆ ಎಷ್ಟು ಎಂಜಿನ್ನಿಗೆ ತುಂಬುತ್ತಿದ್ದರು ಅಂತ ಲೆಕ್ಕ ಸಿಗುತ್ತದೆ. ಕಾರಿನಲ್ಲಿ ಹೋದರೆ ಹೊಳೆ ದಾಟುವುದು ರೈಲು ಸೇತುವೆಯ ಪಕ್ಕಕ್ಕೇ ಅಂಟಿಸಿದ ಒಂದೇ ಗಾಡಿಯ ದಾರಿಯಲ್ಲಿ, ಎದುರು ಗಾಡಿ ನೋಡಿಕೊಂಡು ನುಗ್ಗಿ. 2-6-6-2 ಎಂಜಿನ್ ಆವಿಯಲ್ಲಿ ಓಡುವುದನ್ನು ನೋಡಬೇಕಿದ್ದರೆ ಮೇರಿಲ್ಯಾಂಡಿಗೆ ಹೋಗಬೇಕು. 1949ರಲ್ಲಿ ಬಾಲ್ಡ್‌ವಿನ್ ಕಾರ್ಖಾನೆ ಸಿ ಅಂಡ್ ಓಗೆ ಕಟ್ಟಿದ 1309 ನಂಬರಿನದು ಅಲ್ಲಿನ ವೆಸ್ಟರ್ನ್ ಮೇರಿಲ್ಯಾಂಡ್ ಪ್ರವಾಸಿ ಮಾರ್ಗದಲ್ಲಿದೆ. ಓಡುವ ದಿನಗಳನ್ನು ಮೊದಲೇ ವಿಚಾರಿಸಿ.

ಇದ್ದಿಲುಬುಟ್ಟಿ

ಕೇಮೂರಿಗೆ ಮೇಲಿನ ದಾರಿಯಿಂದ ಇಳಿದರೆ ಗಣಿಯ ಬಾಯಿಯಿಂದ ಹೊಳೆಯ ಮಟ್ಟದ ಕೋಕ್ ಗೂಡುಗಳವರೆಗೆ 821 ಮರದ ಮೆಟ್ಟಿಲು. ಇಳಿಯುವುದು ಸುಲಭ, ಹತ್ತುವಾಗ ನೀರು ಜೊತೆಗಿರಲಿ. ಸಮಯ ಒಂದೇ ಜಾಗಕ್ಕೆ ಇದ್ದರೆ ನಟಲ್‌ಬರ್ಗ್ ಆರಿಸಿಕೊಳ್ಳಿ. ಟಿಪ್ಪಲ್, ಸಾಗಣೆ ದೋಣಿ, ಗೂಡುಗಳು ಎಲ್ಲ ಒಂದೇ ಇಳಿಜಾರಿನಲ್ಲಿ ಸಿಗುತ್ತವೆ. ಸುರಂಗದ ಬಾಯಿಗಳಿಗೆ ಸರಳು ಹಾಕಿದ್ದಾರೆ, ಅದರ ಸಂದಿಯಲ್ಲಿ ನುಸುಳುವ ಸಾಹಸ ಬೇಡ, ಒಳಗೆ ಆಮ್ಲಜನಕ ಇರುತ್ತದೆ ಅನ್ನುವ ಖಾತರಿ ಇಲ್ಲ. ಎಲೆ ಉದುರಿದ ನವೆಂಬರ್‌ನಿಂದ ಮಾರ್ಚ್‌ವರೆಗೆ ಹೋದರೆ ಅಡಿಪಾಯಗಳು ಕಾಣುತ್ತವೆ, ಬೇಸಗೆಯಲ್ಲಿ ಹಸಿರು ಎಲ್ಲವನ್ನೂ ಮುಚ್ಚಿರುತ್ತದೆ.